ಉದ್ದ ಮಾಡಿಸುವ ಗಾಡಿಗೆ ಮೊದಲು ಸ್ಟೀರಿಂಗ್ ನೋಡು

ತಮ್ಮಾ, ಕುವೈತಿನ ಶುವೈಖಿನ ಗ್ಯಾರೇಜಿನಲ್ಲಿ ಚಾಸಿ ಕತ್ತರಿಸಿ ಗಾಡಿ ಉದ್ದ ಮಾಡಿಸಲು ಹೊರಟಿದ್ದೀಯ. ಎಂಜಿನ್ ಬದಲಿಸಬಹುದು, ಗೇರ್‌ಬಾಕ್ಸ್ ಗುಜರಿಯಲ್ಲೂ ಸಿಕ್ಕೀತು. ಮುಂದಿನ ಚಕ್ರ ಎಷ್ಟು ಕಟ್ ಆಗುತ್ತದೆ, ಅಂದರೆ ಎಷ್ಟು ತಿರುಗುತ್ತದೆ ಎಂಬುದನ್ನು ಆಮೇಲೆ ದುಡ್ಡು ಕೊಟ್ಟು ಸರಿಪಡಿಸುವುದು ಬಹಳ ಕಷ್ಟ.

• ವೀಲ್‌ಬೇಸ್ ಎಷ್ಟು ಪಾಲು ಹೆಚ್ಚುತ್ತದೋ ತಿರುಗಲು ಬೇಕಾದ ಜಾಗವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ. 3 ಮೀಟರನ್ನು 3.9 ಮಾಡಿದರೆ, 12 ಮೀಟರಿನಲ್ಲಿ ತಿರುಗುತ್ತಿದ್ದ ಗಾಡಿ 15.6 ಮೀಟರ್ ಕೇಳುತ್ತದೆ. ಹವಲ್ಲಿಯ ಗಲ್ಲಿಯಲ್ಲಿ ಎರಡೂ ಬದಿ ಕಾರು ನಿಂತಿರುತ್ತವೆ, ನೆನಪಿರಲಿ.

• ಕಂಪನಿ ಬರೆದ ಲೆಕ್ಕ ಸಾಲದು, ನೀನೇ ಅಳೆ. ಶುಕ್ರವಾರ ಬೆಳಿಗ್ಗೆ ಖಾಲಿ ಜಾಗಕ್ಕೆ ಒಯ್ದು ಹೊರಬದಿಯ ಮುಂದಿನ ಟೈರಿಗೆ ನೀರು ಸುರಿದು, ಫುಲ್ ಕಟ್ ಹೊಡೆದು ನಿಧಾನ ಒಂದು ಸುತ್ತು ಹಾಕು. ಒದ್ದೆ ಗೆರೆ ಆರುವ ಮೊದಲೇ ಟೇಪು ಹಿಡಿ. ಎಡಕ್ಕೂ ಬಲಕ್ಕೂ ಅಳೆ. ಎರಡರ ನಡುವೆ ದೊಡ್ಡ ವ್ಯತ್ಯಾಸವಿದ್ದರೆ ಆ ಗಾಡಿ ಎಲ್ಲೋ ಪೆಟ್ಟು ತಿಂದಿರಬಹುದು.

• ಇಲ್ಲಿಯವರು ಶಾಸ್ ಎನ್ನುವ ಲ್ಯಾಂಡ್ ಕ್ರೂಸರ್ 79 ವಾನೆತ್ (ಪಿಕಪ್) ಎಲ್ಲರಿಗೂ ಇಷ್ಟ, ಮರಳಿಗೆ ಅದಕ್ಕಿಂತ ಗಟ್ಟಿ ಗಾಡಿ ನಾನು ಕಂಡಿಲ್ಲ. ಆದರೆ ಅದು ತಿರುಗಲು ಮೊದಲೇ 13 ಮೀಟರಿಗೂ ಹೆಚ್ಚು ಬೇಕು. ಉದ್ದ ಮಾಡಲು ಅದನ್ನು ಆರಿಸಬೇಡ.

• ಕ್ಯಾಬಿನ್ ಎಂಜಿನ್ನಿನ ಮೇಲೆ ಕೂತ ಇಸುಜು ಎನ್‌ಪಿಆರ್, ಮಿತ್ಸುಬಿಶಿ ಕ್ಯಾಂಟರ್ ನೋಡು. ನಮ್ಮೂರಲ್ಲಿ ಐಷರ್ ಕ್ಯಾಂಟರ್ ಇಕ್ಕಟ್ಟಿನ ಮಾರುಕಟ್ಟೆಯಲ್ಲಿ ಹೇಗೆ ತಿರುಗುತ್ತದೆಂದು ಕಂಡವನು ನೀನು. ಅದೂ ಆ ಮಿತ್ಸುಬಿಶಿಯ ಮನೆತನದ್ದೇ. ಇವುಗಳ ಚಾಸಿ ಏಣಿಯಂತೆ ನೇರ, ಕತ್ತರಿಸಿ ಸೇರಿಸಲು ಜಾಗವಿದೆ. ನನ್ನನ್ನು ಕೇಳಿದರೆ ಇದೇ ಸರಿ.

• ಫೋರ್‌ವೀಲ್ ಬೇಡದಿದ್ದರೆ ಟೂವೀಲ್ ಡ್ರೈವ್ ತೆಗೆದುಕೋ. ಫೋರ್‌ವೀಲಿನಲ್ಲಿ ಮುಂದಿನ ಆಕ್ಸಲ್ ಜಾಯಿಂಟ್ ಚಕ್ರದ ಕಟ್ ಅನ್ನು ತಡೆಯುತ್ತದೆ. ದಪ್ಪ ಟೈರೂ ಹಾಗೆಯೇ: ಚಾಸಿಗೆ ಉಜ್ಜದಿರಲಿ ಎಂದು ಸ್ಟಾಪರ್ ಬಿಗಿ ಮಾಡಿಸಿದರೆ ಇದ್ದ ಕಟ್ಟೂ ಹೋಯಿತು.

• ಎಂಜಿನ್ ಚಾಲೂ ಇಟ್ಟು, ಚಕ್ರ ನೇರವಿಟ್ಟು ಸ್ಟೀರಿಂಗ್ ಅಲ್ಲಾಡಿಸು. ಎರಡು ಬೆರಳಿಗಿಂತ ಹೆಚ್ಚು ಪ್ಲೇ ಇದ್ದರೆ ಜಾಕ್ ಹಾಕು. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲವಿದ್ದರೆ ಕಿಂಗ್‌ಪಿನ್, ಬಾಲ್‌ಜಾಯಿಂಟ್ ಅಥವಾ ಬೇರಿಂಗ್. ಅಕ್ಕಪಕ್ಕ ಸಡಿಲವಿದ್ದರೆ ಟೈರಾಡ್. ರಬ್ಬರ್ ಬೂಟುಗಳನ್ನು ಟಾರ್ಚು ಬಿಟ್ಟು ನೋಡು. ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾದ ನಾಡಿದು. ರಬ್ಬರ್ ಬಿರಿಯುತ್ತದೆ, ಧೂಳು ಒಳಹೊಕ್ಕು ಜಾಯಿಂಟ್ ತಿನ್ನುತ್ತದೆ.

• 2002ರಿಂದ 2005ರ ನಡುವೆ ಜಿಎಂಸಿ, ಶೆವರ್ಲೆಗಳ ಕೆಲವು ಮಾದರಿಗಳಲ್ಲಿ ಹಿಂಚಕ್ರವೂ 12 ಡಿಗ್ರಿವರೆಗೆ ತಿರುಗುವ ಕ್ವಾಡ್ರಾಸ್ಟೀರ್ ಇತ್ತು. ಆಸೆ ಹುಟ್ಟೀತು. ಬಿಡಿಭಾಗಕ್ಕೆ ಅಲೆಯಬೇಕಾದೀತು.

• ಉದ್ದವಾದ ಮೇಲೆ ಮೂಲ ಸ್ಟೀರಿಂಗ್ ಆರ್ಮಿನ ಕೋನ ಹೊಸ ವೀಲ್‌ಬೇಸಿಗೆ ಪೂರ್ತಿ ಹೊಂದುವುದಿಲ್ಲ, ತಿರುವಿನಲ್ಲಿ ಟೈರು ಉಜ್ಜುತ್ತದೆ. ಪ್ರೊಪೆಲ್ಲರ್ ಶಾಫ್ಟಿಗೆ ಸೆಂಟರ್ ಬೇರಿಂಗ್, ಬ್ರೇಕ್ ಪೈಪಿಗೆ ಹೊಸ ಅಳತೆ, ಇವನ್ನೂ ವೆಲ್ಡರನ ಬಳಿ ಮೊದಲೇ ಮಾತಾಡು.

• ಕತ್ತರಿಸುವ ಮುನ್ನ ಟ್ರಾಫಿಕ್ ಇಲಾಖೆಯ ಒಪ್ಪಿಗೆ ಕಾಗದದಲ್ಲಿ ಕೈಗೆ ಬರಲಿ. 2025ರ ಏಪ್ರಿಲ್ 22ರಿಂದ ಹೊಸ ಕಾನೂನು ಜಾರಿಯಲ್ಲಿದೆ, ದಂಡ ಬಿಗಿಯಾಗಿದೆ. ಗಾಡಿಯ ದಫ್ತರ್ (ನೋಂದಣಿ ಪತ್ರ) ನಿನ್ನ ಹೆಸರಿಗೆ ಬರದೆ ಮುಂಗಡವನ್ನೂ ಕೊಡಬೇಡ.