ತಕ್ಕಡಿಯ ಪಕ್ಕದ ಚೌಕ

ತರಕಾರಿ ಮಾರುವವರ ತಕ್ಕಡಿಯ ಪಕ್ಕದಲ್ಲಿ ಕಪ್ಪು ಬಿಳುಪು ಚೌಕಗಳ ಚೀಟಿಯೊಂದು ತೂಗಾಡುವುದನ್ನು ವಾಚಕರೆಲ್ಲರೂ ಬಲ್ಲರು. ಬಿಸಿಲಿಗೆ ಬಣ್ಣಗೆಟ್ಟು, ಅಂಚು ಹರಿದು, ಸೊಪ್ಪಿನ ನೀರು ಸಿಡಿದು ಕಲೆಯಾಗಿದ್ದರೂ ಮೊಬೈಲ್ ಅದನ್ನು ತಪ್ಪಿಲ್ಲದೆ ಓದುತ್ತದೆ. ಇದು ಹೇಗೆ ಸಾಧ್ಯ?

ಕ್ಯೂಆರ್ ಸಂಕೇತವೆಂಬ ಈ ಚೌಕವನ್ನು 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮಸಾಹಿರೊ ಹರಾ ಮತ್ತು ಅವರ ಸಂಗಡಿಗರು ರೂಪಿಸಿದರು. ಹಣ ಸಲ್ಲಿಸಲೆಂದಲ್ಲ, ಮೋಟಾರಿನ ಬಿಡಿಭಾಗಗಳನ್ನು ಗುರುತಿಸಲೆಂದು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳ ನಡುವೆ ಅಡ್ಡಗೆರೆ ಎಳೆದರೆ ಕಪ್ಪು ಬಿಳುಪುಗಳ ಅಗಲ 1:1:3:1:1 ಆಗಿರುತ್ತದೆ. ಅಚ್ಚಾದ ಬರಹಗಳಲ್ಲಿ ಅಪರೂಪವಾದ ಈ ಪ್ರಮಾಣವೇ ಯಂತ್ರಕ್ಕೆ ಸಂಕೇತದ ಸ್ಥಾನವನ್ನು ತಿಳಿಸುತ್ತದೆ.

ಇನ್ನು ಕಲೆಗಳ ಮಾತು. 2 ಮತ್ತು 5 ಎಂಬ ಎರಡು ಅಂಕೆಗಳನ್ನು ಕಳುಹಿಸಬೇಕಾಗಿದೆಯೆನ್ನೋಣ. ಅವನ್ನೇ ಕಳುಹಿಸದೆ, 2x+5 ಎಂಬ ಸರಳರೇಖೆಯ ಮೇಲಿನ ನಾಲ್ಕು ಬಿಂದುಗಳನ್ನು, ಎಂದರೆ 7, 9, 11, 13ನ್ನು ಕಳುಹಿಸುತ್ತೇವೆ. ದಾರಿಯಲ್ಲಿ 11 ಕೆಟ್ಟು 16 ಆಯಿತು. ನಕ್ಷೆಯಲ್ಲಿ ಗುರುತಿಸಿದರೆ ಮೂರು ಬಿಂದುಗಳು ಒಂದೇ ಗೆರೆಯ ಮೇಲಿದ್ದು, ನಾಲ್ಕನೆಯದು ಮಾತ್ರ ಹೊರಗುಳಿಯುತ್ತದೆ. ತಪ್ಪೂ ತಿಳಿಯಿತು, ಸರಿಯಾದ ಬೆಲೆಯೂ ದೊರೆಯಿತು! ಸರಳರೇಖೆಯಿಂದ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗಳಿಗೆ ನಾವು ಈಗ ಈ ಚೀಟಿಯನ್ನೇ ತೋರಿಸುತ್ತೇವೆ. ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕಿಂತ ಜಟಿಲವಾದರೂ ಅದರ ತಿರುಳು ಇದೇ. ಮುದ್ರಿಸುವಾಗ ಎಷ್ಟು ಹೆಚ್ಚುವರಿ ಅಂಕೆಗಳನ್ನು ಸೇರಿಸಿದೆ ಎಂಬುದಕ್ಕೆ ತಕ್ಕಂತೆ, ಸುಮಾರು ಶೇಕಡಾ 7ರಿಂದ 30ರಷ್ಟು ಭಾಗ ಕೆಟ್ಟರೂ ಸಂದೇಶವನ್ನು ಪೂರ್ಣವಾಗಿ ಮರಳಿ ಪಡೆಯಬಹುದು.

ಆದರೆ ಈ ಗಣಿತವು ಹರಿದುದನ್ನು ತಿದ್ದಬಲ್ಲುದೇ ಹೊರತು ಬದಲಾದುದನ್ನು ಅರಿಯಲಾರದು. ಚೀಟಿಯಲ್ಲಿ ಅಡಗಿರುವುದು ಹಣವಲ್ಲ, ರಹಸ್ಯವೂ ಅಲ್ಲ. ಹಣ ಸೇರಬೇಕಾದ ವಿಳಾಸ ಮಾತ್ರ. ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುವುದು 2016ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಯುಪಿಐ ವ್ಯವಸ್ಥೆ. ರಾತ್ರಿ ಯಾರೋ ಬಂದು ತಮ್ಮ ಚೀಟಿಯನ್ನು ಅಂಗಡಿಯವರ ಚೀಟಿಯ ಮೇಲೆ ಅಂಟಿಸಿ ಹೋದರೆ, ಮೊಬೈಲ್ ಅದನ್ನೂ ಅಷ್ಟೇ ನಿಷ್ಠೆಯಿಂದ ಓದುತ್ತದೆ. ಅಂಗಡಿಯವರ ದಿನದ ದುಡಿಮೆ ಪರರ ಪಾಲಾಗುತ್ತದೆ. ಆದುದರಿಂದಲೇ ಪಿನ್ ಒತ್ತುವ ಮುನ್ನ ತೆರೆಯ ಮೇಲೆ ಮೂಡುವ ಹೆಸರನ್ನು ಅಂಗಡಿಯವರಿಗೆ ಓದಿ ಹೇಳುವುದು ಅವಶ್ಯಕ. ಹಣ ಪಡೆಯುವುದಕ್ಕಂತೂ ಪಿನ್ ಬೇಕಾಗಿಯೇ ಇಲ್ಲ. ಹಾಗೆ ಕೇಳುವವರು ಕೊಡಲು ಬಂದವರಲ್ಲ, ಕೀಳಲು ಬಂದವರು.

ಕೆಲವು ಅಂಗಡಿಗಳಲ್ಲಿ ಹಣ ಬಂದುದನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯುಂಟು. ಅದು ಗಿರಾಕಿಯ ಮೊಬೈಲನ್ನು ನಂಬುವುದಿಲ್ಲ. ತನ್ನದೇ ಸಿಮ್ಮಿನ ಮೂಲಕ ಪಾವತಿ ಸಂಸ್ಥೆಯ ಗಣಕದಿಂದ ಸುದ್ದಿ ಪಡೆಯುತ್ತದೆ. ಚೀಟಿ ಬದಲಾಗಿದ್ದ ದಿನ ಅದು ಮೌನವಾಗಿರುತ್ತದೆ.