ನಮ್ಮ ರಕ್ತದೊಳಗಿನ ಪಾಸಿಟಿವ್ ಫೀಡ್‌ಬ್ಯಾಕ್

ಪಾಸಿಟಿವ್ ಫೀಡ್‌ಬ್ಯಾಕ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಮೈಕು ಸ್ಪೀಕರ್ ಹತ್ತಿರ ಹೋದಾಗ ಬರುವ ಆ ಕರ್ಕಶ ಸದ್ದು. ಔಟ್‌ಪುಟ್ ಮತ್ತೆ ಇನ್‌ಪುಟ್‌ಗೆ ಸೇರುತ್ತೆ, ಇನ್ನೂ ದೊಡ್ಡದಾಗುತ್ತೆ, ಯಾರಾದರೂ ಓಡಿ ಹೋಗಿ ಆಫ್ ಮಾಡಬೇಕು. ಇಂಥದ್ದೇ ಒಂದು ಲೂಪ್ ನಮ್ಮೆಲ್ಲರ ರಕ್ತದಲ್ಲಿ ಈಗಲೂ ಓಡುತ್ತಿದೆ. ಅದೇ ಕಾಂಪ್ಲಿಮೆಂಟ್ ವ್ಯವಸ್ಥೆ. ಇಲ್ಲಿ ಕಾಂಪ್ಲಿಮೆಂಟ್ ಅಂದ್ರೆ ಹೊಗಳಿಕೆ ಅಲ್ಲ, ಪೂರಕ ಅಂತ ಅರ್ಥ. ಪಿಯುಸಿಗೇ ಬಯಾಲಜಿ ಬಿಟ್ಟವರೂ ಧೈರ್ಯವಾಗಿ ಓದಬಹುದು.

ಹೆಸರು ಬಂದದ್ದು ಹೇಗೆ?

1890ರ ದಶಕದಲ್ಲಿ ಬೆಲ್ಜಿಯಂನ ವಿಜ್ಞಾನಿ ಜೂಲ್ಸ್ ಬೋರ್ಡೆ ಒಂದು ಸರಳ ಪ್ರಯೋಗ ಮಾಡಿದರು. ರೋಗನಿರೋಧಕ ಶಕ್ತಿ ಬಂದಿರುವ ಪ್ರಾಣಿಯ ಸೀರಮ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅದನ್ನು ಸುಮಾರು 56 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಆ ಶಕ್ತಿ ಹೋಗಿಬಿಡುತ್ತದೆ. ಆದರೆ ಅದಕ್ಕೆ ಸಾಮಾನ್ಯ ಪ್ರಾಣಿಯೊಂದರ ತಾಜಾ ಸೀರಮ್ ಸ್ವಲ್ಪ ಬೆರೆಸಿದರೆ ಮತ್ತೆ ಕೊಲ್ಲಲು ಶುರು! ಅಂದ್ರೆ ಬಿಸಿಗೆ ಹಾಳಾಗದ ಪ್ರತಿಕಾಯದ ಜೊತೆಗೆ, ಬಿಸಿಗೆ ಹಾಳಾಗುವ ಇನ್ನೇನೋ ಒಂದು ಬೇಕು. ಅದಕ್ಕೆ ಕಾಂಪ್ಲಿಮೆಂಟ್ ಅಂತ ಹೆಸರಿಟ್ಟವರು ಪಾಲ್ ಎರ್ಲಿಕ್. ಬೋರ್ಡೆ ಅವರಿಗೆ 1919ರ ನೊಬೆಲ್ ಸಿಕ್ಕಿತು. ಆ "ಇನ್ನೇನೋ ಒಂದು" ಒಂದೇ ವಸ್ತುವಲ್ಲ, 30ಕ್ಕೂ ಹೆಚ್ಚು ಪ್ರೋಟೀನ್‌ಗಳ ತಂಡ ಅಂತ ಈಗ ಗೊತ್ತಾಗಿದೆ.

ಕೆಲಸ ಮಾಡೋದು ಹೇಗೆ?

ತಂಡದ ನಡುವೆ ಇರೋದು ಸಿ3 ಎಂಬ ಪ್ರೋಟೀನ್. ಒಂದು ಲೀಟರ್ ಪ್ಲಾಸ್ಮಾದಲ್ಲಿ ಸುಮಾರು 1 ಗ್ರಾಂ ಇರುತ್ತದೆ. ಇದು ಎಳೆದು ಇಟ್ಟ ಇಲಿಬೋನಿನ ಹಾಗೆ. ಬೇಗ ಅಂಟಿಕೊಳ್ಳುವ ಒಂದು ರಾಸಾಯನಿಕ ಬಂಧ ಅದರ ಒಳಗೆ ಮುಚ್ಚಿಕೊಂಡಿರುತ್ತದೆ. ಸಿ3 ತುಂಡಾದರೆ ದೊಡ್ಡ ಭಾಗವಾದ ಸಿ3ಬಿ ತನ್ನ ಆಕಾರ ಬದಲಿಸಿ, ಆ ಬಂಧ ಹೊರಗೆ ಬಂದು, ಪಕ್ಕದಲ್ಲಿ ಯಾವ ಮೇಲ್ಮೈ ಸಿಕ್ಕಿದರೂ ಅಂಟಿಕೊಳ್ಳುತ್ತದೆ. ಕ್ಷಣದೊಳಗೆ ಏನೂ ಸಿಗದಿದ್ದರೆ ನೀರಿನ ಜೊತೆ ಸೇರಿ ಸುಮ್ಮನಾಗುತ್ತದೆ. ಚಿಕ್ಕ ತುಂಡು ಸಿ3ಎ ಉರಿಯೂತದ ಸೂಚನೆ ಕೊಡುತ್ತದೆ.

ಲೂಪ್ ಶುರುವಾಗೋದು ಈಗ. ಅಂಟಿದ ಸಿ3ಬಿ ಜೊತೆ ಫ್ಯಾಕ್ಟರ್ ಬಿ ಸೇರುತ್ತದೆ, ಫ್ಯಾಕ್ಟರ್ ಡಿ ಅದನ್ನು ಕತ್ತರಿಸುತ್ತದೆ. ಆಗ ತಯಾರಾಗುವ ಕಿಣ್ವದ ಕೆಲಸವೇನು ಗೊತ್ತಾ? ಇನ್ನಷ್ಟು ಸಿ3 ಕತ್ತರಿಸೋದು! ಔಟ್‌ಪುಟ್ಟೇ ಇನ್‌ಪುಟ್. ಮುಂದೆ ಸಿ5 ತುಂಡಾಗಿ, ಸಿ6ರಿಂದ ಸಿ9ರವರೆಗಿನವು ಸೇರಿ ಜೀವಕೋಶದ ಪೊರೆಯಲ್ಲಿ ಸುಮಾರು 10 ನ್ಯಾನೋಮೀಟರ್ ಅಗಲದ ರಂಧ್ರ ಕೊರೆಯುತ್ತವೆ. ನೀರು ನುಗ್ಗಿ ಕೋಶ ಒಡೆಯುತ್ತದೆ.

ಹಾಗಾದ್ರೆ ನಮ್ಮ ಕೋಶಗಳು ಯಾಕೆ ಒಡೆಯಲ್ಲ?

ಸಿ3ಬಿಗೆ ನಮ್ಮವರು, ಹೊರಗಿನವರು ಅನ್ನೋ ಭೇದ ಇಲ್ಲ. ಪ್ರತಿಕಾಯ ಇಲ್ಲದಿದ್ದರೂ ಸ್ವಲ್ಪ ಸಿ3 ತಾನಾಗಿಯೇ ಸಕ್ರಿಯವಾಗುತ್ತಲೇ ಇರುತ್ತದೆ. ವ್ಯತ್ಯಾಸ ಇರೋದು ಬ್ರೇಕಿನಲ್ಲಿ. ನಮ್ಮ ಕೋಶಗಳ ಮೇಲೆ ಸಿಡಿ55 ಎಂಬ ಪ್ರೋಟೀನ್ ಇದೆ, ಅದು ಆ ಕತ್ತರಿಸುವ ಕಿಣ್ವವನ್ನು ಬಿಡಿಸಿಹಾಕುತ್ತದೆ. ಸಿಡಿ59 ಕೊನೆಯ ರಂಧ್ರ ಪೂರ್ತಿಯಾಗದಂತೆ ತಡೆಯುತ್ತದೆ. ರಕ್ತದಲ್ಲಿ ಓಡಾಡುವ ಫ್ಯಾಕ್ಟರ್ ಎಚ್ ಕೂಡ ಸಹಾಯಕ್ಕಿದೆ. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಇಂಥ ಬ್ರೇಕ್ ಇಲ್ಲ, ಸಿಕ್ಕಿಬೀಳುತ್ತವೆ.

ಬ್ರೇಕ್ ಕಳಚಿದಾಗ

ಪಿಎನ್‌ಎಚ್ ಎಂಬ ಅಪರೂಪದ ಕಾಯಿಲೆಯಲ್ಲಿ ಆಗೋದು ಇದೇ. ಮೂಳೆಮಜ್ಜೆಯ ಒಂದು ಕಾಂಡಕೋಶದಲ್ಲಿ ಪಿಗ್‌-ಎ ಎಂಬ ಜೀನ್ ಕೆಡುತ್ತದೆ. ಇದು ಹುಟ್ಟಿನಿಂದ ಬರೋದಲ್ಲ, ಆಮೇಲೆ ಆಗುವ ಬದಲಾವಣೆ. ಸಿಡಿ55 ಮತ್ತು ಸಿಡಿ59 ಎರಡನ್ನೂ ಕೋಶಕ್ಕೆ ಕಟ್ಟಿಹಾಕುವ ಕೊಂಡಿಯೇ ತಯಾರಾಗಲ್ಲ. ಬ್ರೇಕಿನ ಜೀನ್‌ಗಳು ಸರಿಯಾಗೇ ಇವೆ, ಅದನ್ನು ಕೂರಿಸುವ ಬೋಲ್ಟ್ ಇಲ್ಲ ಅಷ್ಟೇ! ಆ ಕೋಶದಿಂದ ಹುಟ್ಟಿದ ಕೆಂಪು ರಕ್ತಕಣಗಳು ನಮ್ಮದೇ ಕಾಂಪ್ಲಿಮೆಂಟ್‌ನಿಂದ ಒಡೆಯುತ್ತವೆ. ಮೂತ್ರ ಕಪ್ಪಾಗಿ ಬರುತ್ತದೆ, ವಿಪರೀತ ಸುಸ್ತು, ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ. ಈ ರೋಗಿಗಳ ಜೀವ ಹೆಚ್ಚಾಗಿ ಹೋಗುತ್ತಿದ್ದದ್ದು ಈ ಹೆಪ್ಪಿನಿಂದಲೇ.

ಲೂಪ್ ಎಲ್ಲಿ ಕತ್ತರಿಸಬೇಕು?

2007ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಕುಲಿಜುಮಾಬ್ ಸಿ5ಗೆ ಅಂಟಿಕೊಂಡು ಅದು ತುಂಡಾಗದಂತೆ ತಡೆಯುತ್ತದೆ. ರಂಧ್ರ ಕೊರೆಯೋದು ನಿಲ್ಲುತ್ತದೆ, ಹೆಪ್ಪುಗಟ್ಟೋದೂ ಬಹಳ ಕಡಿಮೆಯಾಗುತ್ತದೆ. ಆದರೆ ಸಿ5 ಮೇಲಿನ ಲೂಪ್ ಹಾಗೇ ಓಡುತ್ತಿರುತ್ತದೆ. ಸಿ3ಬಿ ಅಂಟಿದ ರಕ್ತಕಣಗಳನ್ನು ಯಕೃತ್ತು ಮತ್ತು ಗುಲ್ಮ ಹಿಡಿದು ನಾಶ ಮಾಡುತ್ತವೆ, ಹಾಗಾಗಿ ಕೆಲವರಿಗೆ ರಕ್ತಹೀನತೆ ಉಳಿಯುತ್ತದೆ. 2023ರಲ್ಲಿ ಅನುಮತಿ ಸಿಕ್ಕ ಇಪ್ಟಾಕೊಪಾನ್ ಬಾಯಿಂದ ತೆಗೆದುಕೊಳ್ಳುವ ಔಷಧಿ. ಇದು ಫ್ಯಾಕ್ಟರ್ ಬಿ ಅನ್ನೇ ತಡೆದು ಲೂಪನ್ನೇ ಮುರಿಯುತ್ತದೆ.

ಎರಡಕ್ಕೂ ಬೆಲೆ ತೆರಬೇಕು. ಮೆನಿಂಜೈಟಿಸ್ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾವನ್ನು ಕೊಲ್ಲಲು ಈ ವ್ಯವಸ್ಥೆ ಬಹಳ ಮುಖ್ಯ. ಹಾಗಾಗಿ ಔಷಧಿ ಶುರುಮಾಡುವ ಮೊದಲೇ ಅದರ ಲಸಿಕೆ ಕೊಡುತ್ತಾರೆ, ಆಮೇಲೂ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ಸಿ3, ಫ್ಯಾಕ್ಟರ್ ಬಿ, ಸಿ5, ಸಿಡಿ55, ಸಿಡಿ59 ಇವುಗಳ ಬ್ಲಾಕ್ ಡಯಾಗ್ರಾಂ ಬಿಡಿಸಿ. ಎಲ್ಲಿ ಕತ್ತರಿಸಿದರೆ ಏನು ಉಳಿಯುತ್ತೆ, ಏನು ಹೋಗುತ್ತೆ ಅಂತ ಬಾಣ ಹಾಕಿ ನೋಡಿ. ಔಷಧಿ ಕಂಡುಹಿಡಿಯೋರ ಮುಂದಿರುವ ಪ್ರಶ್ನೆಯೂ ಹೆಚ್ಚುಕಮ್ಮಿ ಇದೇ. ಉತ್ತರ ತಪ್ಪಾದರೆ ನಮಗೆ ಮಾರ್ಕ್ಸ್ ಹೋಗುತ್ತೆ, ಅಲ್ಲಿ ಒಬ್ಬರ ಆರೋಗ್ಯ ಹೋಗುತ್ತೆ.