ಬೆದರಿದ ಮನಸ್ಸನ್ನು ಕುರಿತು

ಕುಪ್ಪಗಡ್ಡೆ



ಪರೀಕ್ಷೆ, ಉದ್ಯೋಗ, ಮನೆಯ ಸಾಲ, ಊರಿನಲ್ಲಿ ತಂದೆಯ ಅನಾರೋಗ್ಯ, ಇವೆಲ್ಲವೂ ಒಂದೇ ರಾತ್ರಿ ನೆನಪಿಗೆ ಬಂದು ಎದೆ ಡವಗುಟ್ಟುತ್ತದೆ, ಏನು ಮಾಡಲೂ ತೋಚುವುದಿಲ್ಲವೆಂದು ನೀನು ಬರೆದುದನ್ನು ಓದಿದೆನು. ನಮ್ಮ ಸೀಮೆಯಿಂದ ಓದಿಗೋ ದುಡಿಮೆಗೋ ಶಿವಮೊಗ್ಗ, ಬೆಂಗಳೂರುಗಳಿಗೆ ಹೋದ ಅನೇಕ ತರುಣ ತರುಣಿಯರ ಸ್ಥಿತಿಯೂ ಇದೇ ಆಗಿರುವುದರಿಂದ, ಅವರೂ ಓದಲೆಂದು ಈ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಧೈರ್ಯದಿಂದಿರು ಎಂದಷ್ಟೇ ಹೇಳಿ ನಾನು ಸುಮ್ಮನಾಗಲಾರೆ. ಕ್ಷೋಭೆಗೊಂಡ ಮನಸ್ಸಿಗೆ ಬುದ್ಧಿವಾದವು ಕೇಳಿಸದು. ದೀಪಾವಳಿಯ ತರುವಾಯ ಸೊರಬ, ಶಿಕಾರಿಪುರಗಳ ಹಳ್ಳಿಗಳಲ್ಲಿ ಹೋರಿ ಬೆದರಿಸುವುದನ್ನು ನೀನು ಬಾಲ್ಯದಿಂದ ನೋಡಿದವನು. ಕೊಬ್ಬರಿಯ ಹಾರ ಹೊತ್ತು, ಜನರ ಕೇಕೆಗೆ ಬೆದರಿ, ಏದುಸಿರು ಬಿಡುತ್ತ ಓಡಿಬಂದ ಹೋರಿಯನ್ನು ತಿಳಿದ ಒಡೆಯನು ಗದರಿಸುವುದಿಲ್ಲ. ಅದರ ಮಗ್ಗುಲಲ್ಲಿ ನಾಲ್ಕು ಹೆಜ್ಜೆ ನಡೆದು, ಕತ್ತು ಸವರಿ, ಉಸಿರು ಇಳಿಯುವವರೆಗೆ ಕಾಯುತ್ತಾನೆ. ಮನಸ್ಸಿನ ಉಪಚಾರವನ್ನೂ ದೇಹದಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕಾರಣವುಂಟು. ಭಯವು ಎದುರು ನಿಂತ ಚಿರತೆಯಿಂದ ಹುಟ್ಟಿದರೂ, ನಾಳೆ ಒದಗಬಹುದೆಂದು ಕಲ್ಪಿಸಿಕೊಂಡ ಅನರ್ಥದಿಂದ ಹುಟ್ಟಿದರೂ, ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಹೃದಯವು ನಮ್ಮ ಅಪ್ಪಣೆಗೆ ಕಾಯದೆ ಓಡುತ್ತದೆ. ಆ ಹೃದಯವನ್ನು ತಲುಪಲು ನಮ್ಮ ಅಧೀನದಲ್ಲಿರುವ ಸುಲಭವಾದ ಮಾರ್ಗವು ಉಸಿರು. ಉಸಿರನ್ನು ಒಳಗೆಳೆದಾಗ ಬಡಿತವು ಕಿಂಚಿತ್ ತ್ವರಿತವಾಗಿ, ಹೊರಬಿಡುವಾಗ ವೇಗಸ್ ನರದ ಪ್ರಭಾವದಿಂದ ಮಂದವಾಗುವುದರಿಂದ, ನಾಲ್ಕು ಎಣಿಸುವಷ್ಟು ಹೊತ್ತು ಎಳೆದು, ಆರು ಎಣಿಸುವಷ್ಟು ಹೊತ್ತು ಬಿಡು. ಕೆಲವು ನಿಮಿಷ ಹೀಗೆಯೇ ನಡೆಯಲಿ. ಬಲವಂತ ಬೇಡ, ತಲೆ ತಿರುಗಿದಂತಾದರೆ ಸಹಜವಾದ ಉಸಿರಿಗೆ ಮರಳು. ಪತಂಜಲಿಯು ಚಿತ್ತದ ಪ್ರಸನ್ನತೆಗೆ ಹೇಳಿದ ಉಪಾಯಗಳಲ್ಲಿ ಉಸಿರನ್ನು ಹೊರಬಿಡುವ ಕ್ರಮವೂ ಒಂದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ನನು 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ನಾಯುಗಳ ಬಿಗಿತವನ್ನು ಒಂದೊಂದಾಗಿ ಗುರುತಿಸಿ ಸಡಿಲಿಸುವುದನ್ನು ಬೋಧಿಸಿದನು: ಮುಷ್ಟಿ, ಭುಜ, ದವಡೆ, ಹೀಗೆ ಬಿಗಿದು ಬಿಡು.

ಆಮೇಲೆ ಕೈಗೆ ಕೆಲಸ ಕೊಡು. ಅವರೆಕಾಯಿ ಸುಲಿ, ಬಟ್ಟೆ ಮಡಿಸು, ಪಾತ್ರೆ ತೊಳೆ. ಮೊಬೈಲ್ ನೋಡುವುದನ್ನು ಮಾತ್ರ ವಿಶ್ರಾಂತಿಯೆಂದು ಭಾವಿಸಬೇಡ; ಆ ಹೊತ್ತಿನಲ್ಲಿ ಅದು ಒಂದು ಚಿಂತೆಯ ಮೇಲೆ ಹತ್ತನ್ನು ತಂದು ಹೇರುತ್ತದೆ. ಎದೆಯ ಬಡಿತ ಇಳಿದಮೇಲೆ ಕಾಗದ ತೆಗೆದು, ಕಾಡುವುದನ್ನೆಲ್ಲ ಬರೆದು, ನಾಳೆ ಬೆಳಿಗ್ಗೆ ಮಾಡಬಹುದಾದ ಒಂದು ಕೆಲಸಕ್ಕೆ ಮಾತ್ರ ಗುರುತು ಹಾಕು. ಕೆಲಸ ಬಿಡುವ, ಓದು ನಿಲ್ಲಿಸುವ, ಸಂಬಂಧ ಮುರಿಯುವ ನಿರ್ಧಾರಗಳನ್ನು ರಾತ್ರಿ ಮಾಡಕೂಡದು.

ಇಷ್ಟರಿಂದ ಶಮನವಾಗದೆ ನಿದ್ರೆ, ಆಹಾರಗಳು ವಾರಗಟ್ಟಲೆ ಕೆಟ್ಟರೆ ವೈದ್ಯರನ್ನು ಕಾಣು; ಬದುಕೇ ಬೇಡವೆಂಬ ಯೋಚನೆ ಸುಳಿದರಂತೂ ಆ ಗಳಿಗೆಯಲ್ಲಿಯೇ ಯಾರನ್ನಾದರೂ ಎಬ್ಬಿಸು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯದ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಹೀಗೆ ನೆರವು ಕೇಳುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ‘ಕೊರವಂಜಿ’ ಹಾಸ್ಯಪತ್ರಿಕೆಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರೇ ಮನೋರೋಗಗಳನ್ನು ಕುರಿತು ‘ಮನಮಂಥನ’ವನ್ನು ಬರೆದರು, ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು.

ಮನೆಯವರಿಗೆ ಹೇಳಲು ಸಂಕೋಚವಾದರೆ ನನಗೆ ಫೋನ್ ಮಾಡು, ಮಗು. ಎಷ್ಟು ಹೊತ್ತಾದರೂ ಚಿಂತೆಯಿಲ್ಲ.

ಇತಿ,
ನಿನ್ನ ಹಿತಚಿಂತಕ